ಡಬ್ಬದ ಮೇಲಿನ ಅಂಕಿಗೆ ಓಲೆ ಅಡ ಇಡ್ಬೇಡ್ರಮ್ಮ

ಮೊನ್ನೆ ಭಾನುವಾರ ನಡುಮನೇಲಿ ಅವರೇಕಾಯಿ ಸುಲೀತಾ ಕೂತಿದ್ದೆ. ಹಿತಕಿದ ಬೇಳೆ ಸಾರು ಮಾಡೋಣ ಅಂತ ಹಿಂದಿನ ರಾತ್ರಿ ನೆನೆಹಾಕಿದ್ದು ಒಂದು ಪಾತ್ರೆ, ಉಪ್ಪಿಟ್ಟಿಗೆ ಅಂತ ಸುಲಿಯೋದು ಇನ್ನೊಂದು ಮೊರ. ಅಷ್ಟೊತ್ತಿಗೆ ಮುಳಬಾಗಿಲಿಂದ ನಮ್ಮ ಓರಗಿತ್ತಿ ಫೋನು. ಊಟ ಆಯ್ತಾ, ಮಕ್ಕಳು ಎಂಗವ್ರೆ, ಅತ್ತೆ ಮಂಡಿನೋವು ಎಂಗೈತೆ ಅಂತ ಎಲ್ಲಾ ಕೇಳಿ, ಕೊನೆಗೆ ಸಣ್ಣ ದನಿ ಮಾಡ್ಕೊಂಡು, "ಅಕ್ಕಾ, ನನ್ನ ಓಲೆ ಬ್ಯಾಂಕಲ್ಲಿ ಇಟ್ರೆ ಎಷ್ಟು ಕೊಡ್ತಾರೆ?" ಅಂದ್ಲು.

ನಂಗೆ ಎದೆ ಧಸಕ್ ಅಂತು. ಯಾರ್ಗೆ ಏನಾಯ್ತೆ ಅಂದೆ. ಯಾರ್ಗೂ ಏನೂ ಆಗಿಲ್ಲ, ಹುಡುಗನಿಗೆ ಕಂಪ್ಯೂಟರ್ ಬೇಕಂತೆ. ಬಿಸಿಎ ಸೇರವ್ನೆ, ಕೋಲಾರದ ಕಾಲೇಜು, ಬೇಕಾದ್ದೇ. ಗೃಹಲಕ್ಷ್ಮಿ ದುಡ್ಡು ಮುಟ್ಟದೆ ಇಟ್ಕೊಂಡಿದ್ಲು, ಹಸು ಹಾಲಿನ ಬಟವಾಡೆ ವಸಿ ಇತ್ತು, ಎಲ್ಲಾ ಸೇರ್ಸಿ ಸರಿಹೋಗ್ತಿತ್ತು. ಆದ್ರೆ ಅಂಗಡಿಯೋನು ಹೊಸ ಕೊಟೇಷನ್ ಕಳ್ಸವ್ನೆ, "ರ‍್ಯಾಮ್ ಸ್ಪೀಡ್ ಜಾಸ್ತಿ ಇರೋದು ಹಾಕ್ಸಿಲ್ಲ ಅಂದ್ರೆ ಎರಡು ವರ್ಷಕ್ಕೆ ಎಸೀಬೇಕಾಗುತ್ತೆ" ಅಂತ ಹುಡುಗನ ಕಿವಿಗೆ ಊದವ್ನೆ. ಇವ್ಳು ಓಲೆಗೆ ಕೈ ಹಾಕವ್ಳೆ.

ಪಕ್ಕದ್ಮನೆ ಅತ್ತೆ ಅಲ್ಲೇ ಕೂತಿದ್ರು. ನಾನು ಕನ್ನಡಕ ಹುಡುಕ್ಕೊಂಡು ವಾಟ್ಸಾಪ್‌ನಾಗೆ ಆ ಕೊಟೇಷನ್ ತೆಗೆದು ಓದೋದು ನೋಡಿ, "ಎಂದುಕಮ್ಮಾ ಇವನ್ನೀ ನೀಕು, ಅದಂತಾ ಮಗವಾಳ್ಳ ಪನಿ" ಅಂದ್ರು. ಇದೆಲ್ಲಾ ನಿಂಗ್ಯಾಕಮ್ಮ, ಗಂಡಸರ ಕೆಲಸ ಅಂತ. ಈ ಒಂದು ಮಾತಿಗೇ ನಾನು ಇವತ್ತು ಇದನ್ನ ಬರೀತಿರೋದು. ದುಡ್ಡು ನಮ್ದು, ಓಲೆ ನಮ್ದು, ಸಂಘದ ಸಾಲಕ್ಕೆ ಸೈನು ನಮ್ದು, ಡಬ್ಬದ ಮೇಲೆ ಏನು ಬರ್ದೈತೆ ಅಂತ ಓದೋದು ಮಾತ್ರ ಗಂಡಸರ ಕೆಲಸ! ಟೊಮೇಟೊ ಬಾಕ್ಸಿಗೆ ಹದಿನೈದು ಕೆಜಿ ಲೆಕ್ಕ ಹಾಕಿ, ಕಮಿಷನ್ ಕಳೆದು, ಎಪಿಎಂಸಿ ಚೀಟಿ ನೋಡಿ ಮೋಸ ಕಂಡುಹಿಡಿಯೋ ಹೆಂಗಸರು ನಾವು. ಈ ಲೆಕ್ಕ ಅದಕ್ಕಿಂತ ಕಷ್ಟ ಇಲ್ಲ.

ಮೊದ್ಲು ನನ್ನ ಕಥೆ ಹೇಳ್ಬಿಡ್ತೀನಿ, ಯಾಕಂದ್ರೆ ಈ ಗುಂಡೀಲಿ ನಾನೇ ಒಂದು ಸಲ ಬಿದ್ದು ಎದ್ದಿದ್ದೀನಿ.

2021ರಲ್ಲಿ ಎರಡನೇ ಲಾಕ್‌ಡೌನು. ಮಗಳಿಗೆ ಆನ್‌ಲೈನ್ ಕ್ಲಾಸು, ನಂಗೆ ಮನೇಲೇ ಡಿಟಿಪಿ ಕೆಲಸ. ಮಾಲೂರಲ್ಲಿ ನಮ್ಮ ಬೀದಿಯೋರಿಗೆಲ್ಲ ಗೊತ್ತು, ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಸಂಘದ ಲೆಕ್ಕಪತ್ರ, ಸ್ಕೂಲಿನ ಪ್ರಶ್ನೆಪತ್ರಿಕೆ, ನುಡೀಲಿ ಟೈಪು ಮಾಡಿ ಕೊಡೋದು. ಹಳೇ ಕಂಪ್ಯೂಟರ್ ಕಣ್ಣು ಮುಚ್ಕೊಂಡಿತ್ತು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡು ಹೊಸದು ಅಸೆಂಬಲ್ ಮಾಡ್ಸಿದ್ವಿ. ನಮ್ಮಕ್ಕನ ಮಗ, ಶ್ರೀನಿವಾಸಪುರದೋನು, ಆಗ ಇಂಜಿನಿಯರಿಂಗ್ ಓದ್ತಿದ್ದ, ಅವ್ನೇ ಲಿಸ್ಟ್ ಬರೆದ. ಇಂಟೆಲ್ ಐ3-10100 ಪ್ರೊಸೆಸರು, ಎಚ್410 ಅನ್ನೋ ಕಮ್ಮಿ ಬೆಲೆ ಮದರ್‌ಬೋರ್ಡು. ಅಲ್ಲೀವರ್ಗೂ ಸರಿ. ಆಮೇಲೆ ಬೆಂಗಳೂರಿನ ಒಂದು ಅಂಗಡೀಲಿ, "ಇದು 3600 ಸ್ಪೀಡು, ಲೈಟು ಉರಿಯುತ್ತೆ" ಅಂತ 8 ಜಿಬಿದು ಒಂದೇ ಒಂದು ಸ್ಟಿಕ್ಕು ತೋರ್ಸಿದ್ರು. ಪಕ್ಕದಲ್ಲೇ ಲೈಟು ಇಲ್ಲದ 2666 ಸ್ಪೀಡಿಂದು ಇತ್ತು, ಒಂಬೈನೂರು ರೂಪಾಯಿ ಕಮ್ಮಿ. ಹುಡುಗ 3600 ಹಿಡ್ಕೊಂಡ. ನಾನು ಸುಮ್ನಿದ್ದೆ. ಓದಿರೋ ಹುಡುಗ, ನಂಗೇನು ಗೊತ್ತು ಅಂತ.

ಕಂಪ್ಯೂಟರ್ ಬಂತು, ಬಣ್ಣ ಬಣ್ಣದ ಲೈಟು ಉರೀತು, ಮಕ್ಕಳೆಲ್ಲ ಸುತ್ತ ಕೂತು ನೋಡಿದ್ದೇ ನೋಡಿದ್ದು. ಎರಡು ತಿಂಗಳು ಕಳೀತು. ಒಂದು ರಾತ್ರಿ ಟೇಕಲ್ ಕಡೆಯೋರ ಮದ್ವೆ ಪತ್ರಿಕೆ, ಬೆಳಿಗ್ಗೆ ಪ್ರೆಸ್ಸಿಗೆ ಹೋಗ್ಬೇಕು. ಕೋರೆಲ್ ಡ್ರಾ ತೆಗ್ದಿದ್ದೀನಿ, ದೊಡ್ಡ ದೊಡ್ಡ ಫೋಟೊ ಇಟ್ಟಿದ್ದೀನಿ, ಕ್ರೋಮ್‌ನಾಗೆ ಮಗಳು ತೆಗೆದಿಟ್ಟ ಇಪ್ಪತ್ತು ಟ್ಯಾಬು ಅಂಗೇ ಐತೆ. ಗಣಪತಿ ಚಿತ್ರ ಒಂದು ಇಂಚು ಪಕ್ಕಕ್ಕೆ ಸರ್ಸೋಣ ಅಂತ ಎಳ್ದೆ. ನಿಂತೋಯ್ತು. ಮೌಸಿನ ಬಾಣ ಕೂಡ ಅಳ್ಳಾಡ್ಲಿಲ್ಲ. ಒಳಗೆ ಹಾರ್ಡ್ ಡಿಸ್ಕು ಕರ ಕರ ಕರ ಅಂತ ಅರೀತೈತೆ. ಹತ್ತು ನಿಮಿಷ ಕಾದೆ, ಆಮೇಲೆ ಸ್ವಿಚ್ಚು ಆರ್ಸಿದೆ. ನಾಲ್ಕು ಗಂಟೆ ಕೆಲಸ ಹೋಯ್ತು. ಬೆಳಗಿನ ಜಾವದವರ್ಗೂ ಕೂತು ಮತ್ತೆ ಮಾಡ್ದೆ, ಆ ಆತುರದಲ್ಲಿ ಧಾರಾ ಮುಹೂರ್ತದ ಟೈಮು ತಪ್ಪು ಬಿತ್ತು. ಮುನ್ನೂರು ಪತ್ರಿಕೆ ನನ್ನ ಖರ್ಚಲ್ಲಿ ಮತ್ತೆ ಅಚ್ಚಾಕ್ಸಿಕೊಟ್ಟೆ. ದುಡ್ಡು ಹೋಗ್ಲಿ, ಹುಡುಗಿ ತಾಯಿ ಮುಖ ನೋಡೋಕ್ಕಾಗ್ಲಿಲ್ಲ ನಂಗೆ.

ಆಗ ಎಲ್ರೂ ಒಂದೊಂದು ಹೇಳಿದ್ರು. ಪ್ರೊಸೆಸರ್ ಸಾಲ್ದು ಅಂದ್ರು. ವೈರಸ್ ಅಂದ್ರು. ನಮ್ಮ ಯಜಮಾನ್ರು "ನೀನು ಜಾಸ್ತಿ ಹೊತ್ತು ಆನ್ ಇಡ್ತೀಯ" ಅಂದ್ರು, ಫ್ಯಾನಿಗೆ ಹೇಳೋ ಮಾತನ್ನೇ. ನಾನೇ ಒಂದಿನ ಕೂತು, ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆಗ್ದು, ಪರ್ಫಾರ್ಮೆನ್ಸ್ ಅಂತ ಇರೋದ್ರಲ್ಲಿ ಮೆಮೊರಿ ಒತ್ತಿ ನೋಡ್ದೆ. ನೀವೂ ಇವತ್ತೇ ನಿಮ್ಮನೇದು ನೋಡಿ, ಒಂದು ನಿಮಿಷದ ಕೆಲಸ. ಅಲ್ಲಿ ಕೆಳಗಡೆ ಬರ್ದಿತ್ತು: ಸ್ಪೀಡ್ 2666. ಸ್ಲಾಟ್ಸ್ ಯೂಸ್ಡ್, ಎರಡರಲ್ಲಿ ಒಂದು. ಮೇಲ್ಗಡೆ ಗೆರೆ ನೋಡಿದ್ರೆ 8 ಜಿಬಿನೂ ತುಂಬಿ ತುಳುಕ್ತಾ ಐತೆ.

ಡಬ್ಬದ ಮೇಲೆ 3600. ಪರದೆ ಮೇಲೆ 2666. ಒಂಬೈನೂರು ರೂಪಾಯಿ ಲೈಟಿಗೆ ಕೊಟ್ಟಂಗಾಯ್ತು.

ಇದು ಕೆಟ್ಟಿರೋ ಮಾಲು ಅಲ್ಲ, ಕೇಳಿ. ಆ ಐ3-10100 ಪ್ರೊಸೆಸರಿಗೆ ಇಂಟೆಲ್ ಕಂಪ್ನಿಯೋರೇ ಬರ್ದಿರೋ ಮಿತಿ 2666. ಎಚ್410 ಬೋರ್ಡು ಅದರ ಮೇಲಕ್ಕೆ ಬಿಡೋದೇ ಇಲ್ಲ. ನೀವು 3600 ಹಾಕಿ, 4000 ಹಾಕಿ, ಅದು ಓಡೋದು 2666ರಲ್ಲೇ. ನಮ್ಕಡೆಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಸಾವಿರದ ಇನ್ನೂರು ಅಡಿ ಬೋರು ಕೊರ್ಸಿ ಒಂದಿಂಚು ನೀರು ಬಂದಿರೋ ಹೊಲಕ್ಕೆ ಹತ್ತು ಎಚ್‌ಪಿ ಮೋಟ್ರು ಇಳಿಬಿಟ್ರೆ ನೀರು ಜಾಸ್ತಿ ಬರ್ತೈತಾ? ಕರೆಂಟು ಬಿಲ್ಲು ಬರ್ತೈತೆ. ಅದನ್ನ ನಮ್ಮಪ್ಪನಿಗೆ ಯಾರಾದ್ರೂ ಮಾರೋಕೆ ಬಂದಿದ್ರೆ ಕಟ್ಟೆಯಿಂದ ಇಳಿಸಿ ಕಳಿಸ್ತಿದ್ರು. ಅದೇ ವ್ಯಾಪಾರ ಇಂಗ್ಲೀಷಲ್ಲಿ ಬಂದ್ರೆ ನಾವು ಓಲೆ ಬಿಚ್ಚಿಕೊಡ್ತೀವಿ.

ಆಮೇಲೆ ನಾನು ಮಾಡಿದ್ದು ಇಷ್ಟೇ. ಸಾದಾ 2666ರ 8 ಜಿಬಿ ಸ್ಟಿಕ್ಕು ಇನ್ನೊಂದು ತಂದು ಖಾಲಿ ಸ್ಲಾಟಿಗೆ ಹಾಕ್ಸಿದೆ. ಅವತ್ತಿಂದ ಇವತ್ತಿನವರ್ಗೂ ಅದು ಅಂಗೆ ನಿಂತಿಲ್ಲ. ಬೇರೆ ಬೇರೆ ಸ್ಟಿಕ್ಕು ಜೊತೆ ಹಾಕಿದ್ರೆ ಕೆಲವು ಸಲ ಜಗಳ ಆಡ್ತಾವೆ, ಒಂದೇ ಡಬ್ಬದಲ್ಲಿ ಬರೋ ಜೋಡಿ ತಗೊಳ್ಳೋದೇ ಒಳ್ಳೇದು. ನನ್ನ ಅದೃಷ್ಟ, ಹೊಂದ್ಕೊಂಡ್ವು.

ಈಗ ವಿಷಯಕ್ಕೆ ಬರ್ತೀನಿ. ರ‍್ಯಾಮ್ ಅಂದ್ರೆ ಒಲೆ ಪಕ್ಕದ ಕಟ್ಟೆ ಇದ್ದಂಗೆ. ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಏನೈತೋ, ಅದು ಅಟ್ಟ. ಅಡುಗೆಗೆ ಬೇಕಾದ್ದನ್ನೆಲ್ಲ ಅಟ್ಟದಿಂದ ಇಳಿಸಿ ಕಟ್ಟೆ ಮೇಲೆ ಇಟ್ಕೊಂಡು ಕೆಲಸ ಮಾಡ್ತೀವಿ. ಕಟ್ಟೆ ಚಿಕ್ಕದಾದ್ರೆ? ಒಂದು ಡಬ್ಬ ಇಡೋಕೆ ಇನ್ನೊಂದು ಡಬ್ಬ ಅಟ್ಟಕ್ಕೆ ಹತ್ತಿಸ್ಬೇಕು, ಮತ್ತೆ ಅದೇ ಬೇಕಾದ್ರೆ ಮತ್ತೆ ಏಣಿ ಹತ್ತಬೇಕು. ಆ ರಾತ್ರಿ ಕರ ಕರ ಅಂತಿದ್ದಿದ್ದು ಆ ಏಣಿ ಸದ್ದು. ಲೆಕ್ಕ ಹೇಳ್ತೀನಿ ಕೇಳಿ. ಪ್ರೊಸೆಸರು ರ‍್ಯಾಮಿಂದ ಏನಾದ್ರೂ ಕೇಳಿ ಇಸ್ಕೊಳ್ಳೋಕೆ, ದಾರಿ ಖರ್ಚೆಲ್ಲ ಸೇರಿ, ಸುಮಾರು ನೂರು ನ್ಯಾನೊಸೆಕೆಂಡು ಅಂತಿಟ್ಕೊಳ್ಳಿ. ತಿರುಗೋ ಹಾರ್ಡ್ ಡಿಸ್ಕಿಂದ ಇಸ್ಕೊಳ್ಳೋಕೆ ಸುಮಾರು ಹತ್ತು ಮಿಲಿಸೆಕೆಂಡು. ಒಂದಕ್ಕೆ ಲಕ್ಷ ಪಟ್ಟು. ಎಸ್‌ಎಸ್‌ಡಿ ಆದ್ರೆ ಅಷ್ಟೊಂದಿಲ್ಲ, ಆದ್ರೂ ಸಾವಿರದ ಲೆಕ್ಕದಲ್ಲೇ ಐತೆ. 2666ಕ್ಕೂ 3600ಕ್ಕೂ ಇರೋ ವ್ಯತ್ಯಾಸ ಒಂದೂವರೆ ಪಟ್ಟೂ ಇಲ್ಲ. ಲಕ್ಷ ಪಟ್ಟು ಸೋರೋ ತೂತು ಬಿಟ್ಟು ಒಂದೂವರೆ ಪಟ್ಟಿನ ಸಂದಿಗೆ ಸಿಮೆಂಟು ಬಳಿಯೋರಿಗೆ ಏನು ಹೇಳೋಣ! ಮೊದ್ಲು ಕಟ್ಟೆ ಅಗಲ ಇರ್ಲಿ. ಇವತ್ತಿಗೆ ಮನೆ ಕೆಲಸಕ್ಕೆ, ಓದೋ ಹುಡುಗರಿಗೆ 16 ಜಿಬಿ ಇರ್ಬೇಕು. 8 ಸಾಕು ಅನ್ನೋ ಕಾಲ ಹೋಯ್ತು.

ಎರಡನೇದು, ಒಂದು ಸ್ಟಿಕ್ಕು ಅಲ್ಲ, ಎರಡು. 16 ಬೇಕು ಅಂದ್ರೆ 8 ಎರಡು.

ಇದು ಎಲ್ಲಕ್ಕಿಂತ ಮುಖ್ಯ, ಆದ್ರೆ ಕೊಟೇಷನ್ನಲ್ಲಿ ಯಾವನೂ ಬರೆಯೋಲ್ಲ. ಕೋಲಾರದ ಟೊಮೇಟೊ ಮಾರ್ಕೆಟ್ಟು ನೋಡಿದ್ದೀರಲ್ಲ, ಸೀಸನ್ನಲ್ಲಿ ಲಾರಿ ಸಾಲು? ಒಂದೇ ಗೇಟು ತೆಗ್ದಿದ್ರೆ ಕೂಲಿಯೋರು ಎಷ್ಟೇ ಬಿರ್ರನೆ ಓಡಾಡ್ಲಿ, ಬಾಕ್ಸು ಒಂದೇ ಸಾಲಲ್ಲಿ ಬರ್ಬೇಕು. ಇನ್ನೊಂದು ಗೇಟು ತೆಗೆದ್ರೆ ಅದೇ ನಡಿಗೇಲಿ ಎರಡರಷ್ಟು ಮಾಲು. ನಮ್ಮ ಮನೆಗಳಿಗೆ ಬರೋ ಮದರ್‌ಬೋರ್ಡಲ್ಲಿ ರ‍್ಯಾಮಿಗೆ ಎರಡು ದಾರಿ ಇರ್ತಾವೆ, ಡ್ಯುಯಲ್ ಚಾನೆಲ್ ಅಂತಾರೆ. ಒಂದು ಸ್ಟಿಕ್ಕು ಹಾಕಿದ್ರೆ ಒಂದು ಗೇಟಿಗೆ ಬೀಗ ಹಾಕಿದಂಗೆ.

3200 ಅಂದ್ರೆ ಏನು ಗೊತ್ತಾ? ಸೆಕೆಂಡಿಗೆ 3200 ಮಿಲಿಯನ್ ಸಲ, ಅಂದ್ರೆ 320 ಕೋಟಿ ಸಲ ಮಾಲು ದಾಟ್ಸೋದು. ಒಂದೊಂದು ಸಲಕ್ಕೂ 8 ಬೈಟು. 3200 ಇಂಟು 8, 25,600. ಅದಕ್ಕೇ ಕೆಲವು ಸ್ಟಿಕ್ಕಿನ ಚೀಟಿ ಮೇಲೆ ಪಿಸಿ4-25600 ಅಂತಲೂ ಅಚ್ಚಾಗಿರುತ್ತೆ, ಅದು ಬೇರೆ ಮಾಲಲ್ಲ, ಅದೇ 3200. ಸೆಕೆಂಡಿಗೆ 25.6 ಜಿಬಿ. 3600ರ ಒಂದು ಸ್ಟಿಕ್ಕು 28.8. 3200ರ ಎರಡು ಸ್ಟಿಕ್ಕು 51.2. ಓರಗಿತ್ತಿಗೆ ಬಂದಿರೋ ಕೊಟೇಷನ್ನಲ್ಲಿ ಇರೋದು 3600ರ 16 ಜಿಬಿ ಒಂದೇ ಸ್ಟಿಕ್ಕು. ಜಾಸ್ತಿ ದುಡ್ಡು ಕೊಟ್ಟು, 51ರ ಜಾಗದಲ್ಲಿ 28 ತಗೋ ಅಂತಾವ್ನೆ! ತರಕಾರಿ ಗಾಡಿಯೋನು ಇಂಗೆ ಮಾಡಿದ್ರೆ ಬೀದಿಗೆಲ್ಲ ಕೇಳೋಂಗೆ ಕೂಗಾಡ್ತೀವಿ.

(ಮೆಗಾಹರ್ಟ್ಸ್ ಅಂತ ಬರೆಯೋದೂ ಪೂರ್ತಿ ಸರಿ ಅಲ್ಲ. 3200ರ ಸ್ಟಿಕ್ಕಿನ ಗಡಿಯಾರ ಬಡಿಯೋದು 1600 ಮೆಗಾಹರ್ಟ್ಸಲ್ಲಿ. ಒಂದು ಬಡಿತಕ್ಕೆ ಹೋಗ್ತಾ ಒಂದು ಹೊರೆ, ಬರ್ತಾ ಒಂದು ಹೊರೆ, ಅದಕ್ಕೇ ಡಬಲ್ ಡೇಟಾ ರೇಟ್, ಡಿಡಿಆರ್ ಅಂತ ಹೆಸರು. ಎಲ್ಲಾದ್ರೂ ಪರೀಕ್ಷೆ ಮಾಡೋ ಸಾಫ್ಟ್‌ವೇರಲ್ಲಿ 1600 ಅಂತ ತೋರ್ಸಿದ್ರೆ ಅರ್ಧ ಕದ್ದವ್ರೆ ಅಂತ ಗಾಬರಿ ಬೀಳ್ಬೇಡಿ. ನಾನು ಬಿದ್ದಿದ್ದೆ.)

ಇಷ್ಟು ಹೇಳಿದ್ದಕ್ಕೆ ನಮ್ಮಕ್ಕನ ಮಗ ಫೋನಲ್ಲಿ ವಾದಕ್ಕೆ ಬಂದ. ಈಗ ಅವ್ನು ಕೆಲಸಕ್ಕೆ ಹೋಗ್ತಾನೆ, ನರಸಾಪುರದ ಕಡೆ, ಮೊದಲಿನಂಗೆ ಲೈಟಿಗೆ ಮರುಳಾಗೋ ಹುಡುಗ ಅಲ್ಲ. "ಚಿಕ್ಕಮ್ಮ, ಅಂಗಾದ್ರೆ ಸ್ಪೀಡೇ ಬೇಡ ಅಂತೀಯಾ? ಯಾವ್ದೋ ಒಂದು ಹಾಕ್ಸಿಬಿಡೋದಾ?" ಅಂದ.

ನ್ಯಾಯವಾದ ಮಾತು. ಉತ್ತರ ಕೊಡ್ತೀನಿ.

ಸ್ಪೀಡು ಲೆಕ್ಕಕ್ಕೆ ಬರೋದು ಎಲ್ಲಿ ಅಂದ್ರೆ, ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ದೆ, ಪ್ರೊಸೆಸರ್ ಒಳಗೇ ಇರೋ ಗ್ರಾಫಿಕ್ಸಲ್ಲೇ ಕೆಲಸ ನಡೆಸೋ ಕಂಪ್ಯೂಟರಲ್ಲಿ. ಓರಗಿತ್ತಿ ಮಗನ ಲಿಸ್ಟಲ್ಲಿ ಇರೋದು ಎಎಂಡಿ ರೈಜೆನ್ 5 5600ಜಿ. ಅದು ಅಂಥದ್ದೇ. ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಆದ ಮೆಮೊರಿ ಇರ್ತೈತೆ, ಇದಕ್ಕೆ ಇಲ್ಲ. ಚಿತ್ರ ಬಿಡ್ಸೋದಕ್ಕೂ ಲೆಕ್ಕ ಮಾಡೋದಕ್ಕೂ ಎಲ್ಲಾ ಒಂದೇ ರ‍್ಯಾಮಿಂದ ಎಳ್ಕೊಬೇಕು. ಒಂದು ಕೊಳಾಯಿಗೆ ಎರಡು ಮನೆ. ಅಲ್ಲಿ ಎರಡು ಸ್ಟಿಕ್ಕು ಇಲ್ಲ ಅಂದ್ರೆ ಹುಡುಗ ಆಟ ಆಡೋದಿರ್ಲಿ, ವಿಡಿಯೊ ಎಡಿಟ್ ಮಾಡೋದಕ್ಕೂ ಪರದಾಡ್ತಾನೆ. ಆ ಪ್ರೊಸೆಸರಿಗೆ ಕಂಪ್ನಿಯೋರು ಒಪ್ಪಿರೋ ಸ್ಪೀಡು 3200. ಅದಕ್ಕೆ 2400ರ ಹಳೇ ಸ್ಟಿಕ್ಕು ಹಾಕಿದ್ರೆ ನಿಜಕ್ಕೂ ನಷ್ಟ, 3200 ಎರಡು ಹಾಕಿದ್ರೆ ನಿಜಕ್ಕೂ ಲಾಭ. 3600 ಎರಡು ಹಾಕಿದ್ರೆ? ಸಾಮಾನ್ಯವಾಗಿ ಓಡುತ್ತೆ, ಆಟದಲ್ಲಿ ವಸಿ ಚೆನ್ನಾಗಿರುತ್ತೆ. ನೂರಿನ್ನೂರು ರೂಪಾಯಿ ವ್ಯತ್ಯಾಸ ಇದ್ರೆ ತಗೊಳ್ಳಿ, ನನ್ನ ತಕರಾರಿಲ್ಲ. ಅದಕ್ಕೋಸ್ಕರ ಒಂದು ಸ್ಟಿಕ್ಕಿಗೆ ಇಳಿಯೋದು, ಎಸ್‌ಎಸ್‌ಡಿ 512 ಇದ್ದಿದ್ದನ್ನ 256 ಮಾಡೋದು, ಹೆಸರಿಲ್ಲದ ಎಸ್‌ಎಂಪಿಎಸ್ ಹಾಕ್ಸೋದು, ಇದಕ್ಕೆ ನನ್ನ ತಕರಾರು. ಆ ಕೊಟೇಷನ್ನಲ್ಲಿ ಮೂರೂ ಮಾಡಿದ್ರು. ನಮ್ಕಡೆ ಕರೆಂಟು ಹೋಗೋದು ಬರೋದು ಗೊತ್ತಿರೋ ಯಾವನಾದ್ರೂ ಎಸ್‌ಎಂಪಿಎಸ್‌ನಲ್ಲಿ ದುಡ್ಡು ಉಳಿಸ್ತಾನಾ?

ಇನ್ನೊಂದು ಮಾತು. ಇಂಥ ಕಂಪ್ಯೂಟರಲ್ಲಿ 16 ಹಾಕ್ಸಿದ್ರೂ ಪರದೆ ಮೇಲೆ ಬಳಸೋಕೆ ಸಿಗೋದು ಕಮ್ಮಿ ಅಂತ ತೋರ್ಸುತ್ತೆ. ಚಿತ್ರದ ಕೆಲಸಕ್ಕೆ ಅಂತ ಒಂದು ಪಾಲು ಮೊದ್ಲೇ ಎತ್ತಿಟ್ಕೊಂಡಿರುತ್ತೆ. ಮೋಸ ಅಲ್ಲ ಅದು.

ಬೇರೆ ಗ್ರಾಫಿಕ್ಸ್ ಕಾರ್ಡು ಹಾಕ್ಸೋರಿಗೆ ಸ್ಪೀಡಿನ ಮಹಿಮೆ ಇನ್ನೂ ಕಮ್ಮಿ. ಟೈಪು ಮಾಡೋಕೆ, ಪಹಣಿ ತೆಗೆಯೋಕೆ, ಅರ್ಜಿ ತುಂಬೋಕೆ, ಮಕ್ಕಳ ಪಾಠಕ್ಕೆ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಕಣ್ಣಿಗೆ ಬೀಳದೇ ಇರೋದಕ್ಕೆ ಕಿವಿಯಿಂದ ಬಿಚ್ಚಿ ಕೊಡೋದ್ಯಾಕೆ?

ಅಕ್ಕನ ಮಗ ಇನ್ನೊಂದು ಬಾಣ ಬಿಟ್ಟ. "3600 ಅಂದ್ಮೇಲೆ ಕೇಳಿದ ತಕ್ಷಣ ಕೊಡುತ್ತೆ ಚಿಕ್ಕಮ್ಮ." ಇಲ್ಲಪ್ಪ. ಡಬ್ಬದ ಮೇಲೆ ಇನ್ನೊಂದು ಸಣ್ಣ ಅಂಕಿ ಇರುತ್ತೆ, ಸಿಎಲ್ 16, ಸಿಎಲ್ 18, ಸಿಎಲ್ 22 ಅಂತ. ಅದನ್ನ ಯಾರೂ ತೋರ್ಸಲ್ಲ. ಒಲೆ ಮುಂದೆ ನಿಂತು "ಏ, ಉಪ್ಪು ಕೊಡೆ" ಅಂದ್ಮೇಲೆ ಎಷ್ಟು ಎಣಿಸೋ ಹೊತ್ತಿಗೆ ಕೈಗೆ ಬರ್ತೈತೆ ಅನ್ನೋ ಲೆಕ್ಕ ಅದು. ಒಬ್ಳು ಹದಿನಾರು ಎಣಿಸೋಷ್ಟರಲ್ಲಿ ಕೊಡ್ತಾಳೆ, ಇನ್ನೊಬ್ಳು ಬೇಗ ಬೇಗ ಎಣಿಸ್ತಾಳೆ ಆದ್ರೆ ಹದಿನೆಂಟರವರ್ಗೂ ಎಣಿಸ್ತಾಳೆ. 3200ರ ಸಿಎಲ್ 16 ಅಂದ್ರೆ 1600ರಲ್ಲಿ 16, ಹತ್ತು ನ್ಯಾನೊಸೆಕೆಂಡು. 3600ರ ಸಿಎಲ್ 18 ಅಂದ್ರೆ 1800ರಲ್ಲಿ 18, ಅದೂ ಹತ್ತೇ. ಡಿಡಿಆರ್ 5ರಲ್ಲಿ 6000ದ ಸಿಎಲ್ 30 ಅಂತ ಬರ್ತೈತಲ್ಲ, 3000ದಲ್ಲಿ 30, ಮತ್ತೆ ಹತ್ತೇ! ಮಾಲು ಹೊರೋದು ಜಾಸ್ತಿ ಆಗೈತೆ, ನಿಜ, ಆದ್ರೆ ಉಪ್ಪು ಕೈಗೆ ಬರೋ ಹೊತ್ತು ಅಷ್ಟೇ. ಅದೇ 6000ದಲ್ಲಿ ಸಿಎಲ್ 36 ಕೊಟ್ರೆ ಹನ್ನೆರಡು. 4800ರ ಸಿಎಲ್ 40 ಕೊಟ್ರೆ ಹದಿನಾರು ಮುಕ್ಕಾಲಿನ ಹತ್ರ. ನೆನಪಿಟ್ಕೊಳ್ಳೋದು ಸುಲಭ, ಸಿಎಲ್ ಅಂಕಿನ 2000ದಿಂದ ಗುಣಿಸಿ ಸ್ಪೀಡಿನ ಅಂಕಿಯಿಂದ ಭಾಗಿಸಿ. ಚೀಟಿ ದುಡ್ಡಿನ ಕಸರು ಲೆಕ್ಕ ಹಾಕೋರಿಗೆ ಇದು ಯಾವ ಲೆಕ್ಕ.

ಆದ್ರೆ ಹುಡುಗ ಇಲ್ಲೊಂದು ಸರಿಯಾದ ಮಾತು ಹೇಳ್ದ, ನಾನು ಒಪ್ಕೊಂಡೆ. 3200 ಅಂತಲೇ ಸಿಎಲ್ 22ರ ಸಾದಾ ಸ್ಟಿಕ್ಕೂ ಬರುತ್ತೆ, ಅದು ಹದಿಮೂರು ಮುಕ್ಕಾಲು ನ್ಯಾನೊಸೆಕೆಂಡು. ಎರಡಕ್ಕೂ ಒಂದೇ ಬೆಲೆ ಹೇಳಿದ್ರೆ ಸಿಎಲ್ 16 ಕೇಳಿ ತಗೊಳ್ಳಿ. ಬೆಲೆ ತುಂಬಾ ಕಮ್ಮಿ ಇದ್ರೆ 22 ಆದ್ರೂ ಮನೆ ಕೆಲಸಕ್ಕೆ ಏನೂ ಆಗಲ್ಲ. ಸಾದಾ ಸ್ಟಿಕ್ಕಿನ ಒಂದು ಸುಖ ಅಂದ್ರೆ ಅದು ಹಾಕಿದ ತಕ್ಷಣ ತನ್ನ ಸ್ಪೀಡಲ್ಲೇ ಏಳುತ್ತೆ.

ಸಿಎಲ್ 16ದು ಅಂಗಲ್ಲ. ಡಬ್ಬದ ಮೇಲೆ 3200 ಇದ್ರೂ, ಮೊದ್ಲ ಸಲ ಆನ್ ಮಾಡ್ದಾಗ 2133, 2400, 2666 ಇಂಥ ಯಾವ್ದೋ ತಗ್ಗಿನ ಸ್ಪೀಡಲ್ಲಿ ನಿಂತಿರುತ್ತೆ. ಬಯಾಸ್ ಒಳಕ್ಕೆ ಹೋಗಿ ಎಕ್ಸ್‌ಎಂಪಿ ಅನ್ನೋದನ್ನ ಆನ್ ಮಾಡ್ಬೇಕು, ಎಎಂಡಿ ಬೋರ್ಡು ಕೆಲವದ್ರಲ್ಲಿ ಡಿಒಸಿಪಿ ಅಂತ ಇರುತ್ತೆ, ಡಿಡಿಆರ್ 5ರೋರಿಗೆ ಎಕ್ಸ್‌ಪೋ ಅಂತ. ಇದನ್ನ ಆನ್ ಮಾಡದೇ ಮನೆಗೆ ಕಳ್ಸೋರು ಎಷ್ಟು ಜನ ಅವ್ರೆ ಗೊತ್ತಾ? ನಾನು ನಮ್ಮ ಬೀದೀಲಿ ನೋಡಿದ ನಾಲ್ಕು ಕಂಪ್ಯೂಟರಲ್ಲಿ ಮೂರು ಅಂಗೇ ಇದ್ವು. ಹೊಸ ಕುಕ್ಕರ್ ತಂದು ವಿಷಲ್ ಹಾಕದೇ ಬೇಯಿಸಿದಂಗೆ. ಅದಕ್ಕೇ ಹೇಳೋದು, ಅಂಗಡಿ ಬಿಟ್ಟು ಬರೋಕೆ ಮುಂಚೆ, ದುಡ್ಡು ಎಣಿಸೋಕೆ ಮುಂಚೆ, ಅಲ್ಲೇ ಆನ್ ಮಾಡ್ಸಿ ಟಾಸ್ಕ್ ಮ್ಯಾನೇಜರ್ ತೆಗೆಸಿ. ಸ್ಪೀಡು ಎಷ್ಟು, ಸ್ಲಾಟ್ ಎಷ್ಟು, ಎರಡು ಅಂಕಿ ಕಣ್ಣಾರೆ ನೋಡಿ. ನಾಲ್ಕು ಸ್ಲಾಟಿನ ಬೋರ್ಡಾದ್ರೆ ಎರಡೂ ಸ್ಟಿಕ್ಕು ಪಕ್ಕಪಕ್ಕದಲ್ಲಿ ಚುಚ್ಚಿರ್ಬಾರ್ದು, ಒಂದು ಬಿಟ್ಟು ಒಂದಿರ್ಬೇಕು, ಪ್ರೊಸೆಸರ್ ಕಡೆಯಿಂದ ಎಣಿಸಿದ್ರೆ ಸಾಮಾನ್ಯವಾಗಿ ಎರಡನೇದು, ನಾಲ್ಕನೇದು. ನಗ್ತಾರೆ ಅಂಗಡಿಯೋರು. ನಗ್ಲಿ. ಸೀರೆ ಅಂಗಡೀಲಿ ಸೆರಗು ಬಿಡಿಸಿ ನೋಡ್ದೆ ತರ್ತೀವಾ?

"ಮುಂದಕ್ಕೆ ಆಗುತ್ತೆ" ಅನ್ನೋ ಮಾತು ಒಂದೈತೆ. ಇದೇ ದೊಡ್ಡ ಬಲೆ. ಈಗ ಜಾಸ್ತಿ ಸ್ಪೀಡಿಂದು ತಗೊಂಡ್ರೆ ಮುಂದೆ ಹೊಸ ಕಂಪ್ಯೂಟರಿಗೂ ಹಾಕ್ಕೊಬೋದು ಅಂತ. ನಮ್ಮ ಮಾಲೂರು ಹೆಂಚು ಆಗಿದ್ರೆ ಹೌದು ಅನ್ನಬೋದಿತ್ತು. ನಮ್ಮತ್ತೆ ಮನೆ ಹಳೇ ತೊಟ್ಟಿ ಬಿಚ್ಚಿದಾಗ ಆ ಹೆಂಚೆಲ್ಲ ಇಳಿಸಿ ದನದ ಕೊಟ್ಟಿಗೆಗೆ ಹೊದಿಸಿದ್ವಿ, ಇವತ್ತಿಗೂ ಸೋರಿಲ್ಲ. ರ‍್ಯಾಮ್ ಅಂಗಲ್ಲ. ಡಿಡಿಆರ್ 4 ಸ್ಟಿಕ್ಕು ಡಿಡಿಆರ್ 5 ಬೋರ್ಡಿಗೆ ಹೋಗೋದೇ ಇಲ್ಲ. ಎರಡಕ್ಕೂ 288 ಪಿನ್ನು, ಆದ್ರೆ ಮಧ್ಯದ ಕಚ್ಚು ಬೇರೆ ಜಾಗದಲ್ಲಿ ಇಟ್ಟವ್ರೆ, ಒತ್ತಿ ತುರುಕಿದ್ರೆ ಮುರೀತದೆ ಅಷ್ಟೇ. ಮುಂದಕ್ಕೆ ಬೇಕು ಅನ್ನೋರು ಇವತ್ತು ಜಿಬಿಗೆ ದುಡ್ಡು ಹಾಕ್ಲಿ.

ಹೊಸ ಡಿಡಿಆರ್ 5 ಬೋರ್ಡೇ ತಗೊಳ್ಳೋರಿಗೂ ಎರಡು ಮಾತು. ರೈಜೆನ್ 7000 ಸಾಲಿನ ಪ್ರೊಸೆಸರಿಗೆ 6000 ಒಳ್ಳೇ ಹದ ಅಂತ ಎಎಂಡಿಯೋರೇ ಹೇಳವ್ರೆ, ಅದರ ಮೇಲೆ 7200, 7600 ಅಂತ ಹೇಳಿದ್ರೆ ಕೈ ಮುಗಿದು ಬನ್ನಿ. ಅದೇ ಪ್ರೊಸೆಸರಿಗೆ ನಾಲ್ಕು ಸ್ಟಿಕ್ಕು ತುಂಬಿಸಿದ್ರೆ ಕಂಪ್ನಿ ಒಪ್ಪೋ ಸ್ಪೀಡು 5200ರಿಂದ 3600ಕ್ಕೆ ಬಿದ್ದೋಗುತ್ತೆ, ಅದಕ್ಕೇ ಅಲ್ಲೂ ಎರಡೇ. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಗೇ ಇರುತ್ತೆ, ರ‍್ಯಾಮಿನ ಜೊತೆ ಹೊಂದ್ಕೊಳ್ತಿರುತ್ತೆ. ಕೆಟ್ಟೋಯ್ತು ಅಂತ ಸ್ವಿಚ್ಚು ಆರಿಸ್ಬೇಡಿ.

ಈ ಜಗಳ ಇವತ್ತೇ ಯಾಕೆ ತೆಗೆದೆ ಅಂದ್ರೆ, ರ‍್ಯಾಮಿನ ಬೆಲೆ ಈಗ ಮೊದಲಿನಂಗಿಲ್ಲ. 2025ರ ಕೊನೇಲಿ ಏರೋಕೆ ಶುರುವಾಗಿದ್ದು, ನೋಡ್ತಾ ನೋಡ್ತಾ ದುಪ್ಪಟ್ಟು ದಾಟ್ತು. ಎಐ ಅಂತಾರಲ್ಲ, ಅದನ್ನ ನಡೆಸೋ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಇರೋ ಬರೋ ಮೆಮೊರಿ ಎಲ್ಲಾ ಎಳ್ಕೊಳ್ತಾವೆ. ಪ್ರಪಂಚದಲ್ಲಿ ಮೆಮೊರಿ ಚಿಪ್ಪು ಬಹುಪಾಲು ಮಾಡೋದೇ ಮೂರು ಕಂಪ್ನಿ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೈಕ್ರಾನಿನೋರು 2025ರ ಡಿಸೆಂಬರಲ್ಲಿ, ನಮ್ಮಂಥ ಮನೆಯೋರಿಗೆ ಮಾರ್ತಿದ್ದ ಕ್ರೂಷಿಯಲ್ ಅನ್ನೋ ಹೆಸರಿನ ವ್ಯಾಪಾರಾನೇ ನಿಲ್ಲಿಸ್ತೀವಿ ಅಂದ್ಬಿಟ್ರು. ತೋಟದಲ್ಲಿ ಮಾವು ಕಾಯೋಕೆ ಮುಂಚೆನೇ ದೊಡ್ಡ ಸಾವ್ಕಾರ ಬಂದು ಪೂರ್ತಿ ಗುತ್ತಿಗೆ ಹಿಡಿದ್ರೆ ಶ್ರೀನಿವಾಸಪುರದ ನಮಗೇ ತಿನ್ನೋಕೆ ಹಣ್ಣು ಸಿಗಲ್ವಲ್ಲ, ಅಂಗೆ. ಕಡಿಮೆ ಇದ್ದಾಗ ಒಂಬೈನೂರು ಹೋದ್ರೆ ಹೋಗ್ಲಿ ಅಂತಿದ್ದೆ. ಈಗ ಓರಗಿತ್ತಿ ಕೊಟೇಷನ್ನಲ್ಲಿ ಬರೀ ರ‍್ಯಾಮಿನ ಸಾಲಲ್ಲೇ ಮೂರೂವರೆ ಸಾವಿರ ಜಾಸ್ತಿ. ಹೆಚ್ಚುಕಮ್ಮಿ ಎರಡು ತಿಂಗಳ ಗೃಹಲಕ್ಷ್ಮಿ ದುಡ್ಡು, ಲೈಟಿಗೂ ಅಂಕಿಗೂ.

ನಂಗೆ ಕೋಪ ಹುಡುಗರ ಮೇಲಲ್ಲ. ಅವ್ರಿಗೆ ವಯಸ್ಸು, ಜೊತೆ ಹುಡುಗರ ಮುಂದೆ 3600 ಅಂತ ಹೇಳ್ಕೊಳ್ಳೋ ಆಸೆ. ನಾವೂ ಒಂದು ಕಾಲದಲ್ಲಿ ಬಳೆ ಅಂಗಡಿ ಮುಂದೆ ನಿಂತೋರೇ. ಕೋಪ ಯಾರ ಮೇಲೆ ಅಂದ್ರೆ, ಪ್ರೊಸೆಸರ್ ಯಾವ್ದು, ಬೋರ್ಡ್ ಯಾವ್ದು, ಎಷ್ಟಕ್ಕೆ ಅದರ ಮಿತಿ ಅಂತ ಗೊತ್ತಿದ್ದೂ ಸುಮ್ನೆ ಮಾರೋರ ಮೇಲೆ. ಆಮೇಲೆ ವಸಿ ನಮ್ಮ ಮೇಲೇ. ಮನೆಗೆ ಮಿಕ್ಸಿ ತರುವಾಗ ಎಷ್ಟು ವ್ಯಾಟು, ಜಾರು ಎಷ್ಟು, ಗ್ಯಾರಂಟಿ ಎಷ್ಟು ವರ್ಷ ಅಂತ ಪ್ರಾಣ ತೆಗೀತೀವಿ. ಅದರ ಹತ್ತು ಪಟ್ಟು ಬೆಲೆಯ ಕಂಪ್ಯೂಟರ್ ಅಂದ ತಕ್ಷಣ ಸೆರಗು ಬಾಯಿಗಿಟ್ಕೊಂಡು ಬಾಗಿಲ ಹಿಂದೆ ನಿಲ್ತೀವಿ. 2021ರಲ್ಲಿ ನಾನು ಅಂಗೆ ನಿಂತಿದ್ದಕ್ಕೆ ಟೇಕಲ್ ಕಡೆಯ ಆ ಹೆಣ್ಣುಮಗು ಪತ್ರಿಕೇಲಿ ಮುಹೂರ್ತ ತಪ್ಪು ಬಿತ್ತು.

ಓರಗಿತ್ತಿಗೆ ಹೇಳಿ ಕೊಟೇಷನ್ ವಾಪಸ್ಸು ಕಳ್ಸಿದ್ವಿ. ಅದೇ 5600ಜಿ ಇರ್ಲಿ. ರ‍್ಯಾಮು 3200, ಸಿಎಲ್ 16, 8 ಜಿಬಿದು ಜೋಡಿ, ಒಂದೇ ಡಬ್ಬದಲ್ಲಿ ಬಂದಿರೋದು, ಲೈಟು ಬೇಡ. ಎಸ್‌ಎಸ್‌ಡಿ 512. ಎಸ್‌ಎಂಪಿಎಸ್ ಹೆಸರಿರೋ ಕಂಪ್ನೀದು. ಆ ಅಂಗಡಿಯೋನು "ಮೇಡಂ, ಇದು ಹಳೇ ಕಾನ್ಫಿಗರೇಷನ್" ಅಂದ. ಹುಡುಗನಿಗೆ ಮುಖ ಸಣ್ಣಗಾಯ್ತಂತೆ. ನಾನೇ ಫೋನ್ ಇಸ್ಕೊಂಡು, "ಕಂದಾ, ನಿನ್ನ ಪ್ರೊಸೆಸರಿಗೆ ಕಂಪ್ನಿ ಎಷ್ಟು ಅಂತ ಬರ್ದೈತೆ, ಅವ್ರ ವೆಬ್‌ಸೈಟಲ್ಲಿ ನೀನೇ ನೋಡಿ ಹೇಳು" ಅಂದೆ. ಐದು ನಿಮಿಷ ಬಿಟ್ಟು ಅವ್ನೇ ಫೋನ್ ಮಾಡ್ದ. "3200 ಅಂತೈತೆ ದೊಡ್ಡಮ್ಮ. ಆದ್ರೂ ಲೈಟು ಇರೋದೇ ತಗೊಳ್ಳೋಣ್ವಾ, 3200ರಲ್ಲೂ ಬರ್ತೈತಂತೆ, ಮುನ್ನೂರು ಜಾಸ್ತಿ ಅಷ್ಟೆ?" ಅಂದ. ನಂಗೆ ನಗು ತಡೆಯೋಕ್ಕಾಗ್ಲಿಲ್ಲ. ಮುನ್ನೂರು ನಾನು ಕೊಡ್ತೀನಿ, ಸಂಕ್ರಾಂತಿಗೆ ಬಟ್ಟೆ ಕೇಳ್ಬೇಡ ಅಂದಿದ್ದೀನಿ.

ಬುಧವಾರ ಅವ್ಳೂ ನಾನೂ ಬೆಂಗಳೂರಿಗೆ ಹೋಗೋದು. ಟೌನ್‌ಹಾಲ್ ಹತ್ರ ಎಸ್‌ಪಿ ರೋಡಲ್ಲಿ ನಾಲ್ಕು ಅಂಗಡಿ ವಿಚಾರಿಸಿ ಆಮೇಲೆ ಮಾತು. ಅವ್ಳು ಮುಳಬಾಗಿಲಿಂದ ಶಕ್ತಿ ಯೋಜನೆ ಬಸ್ಸಲ್ಲಿ ಬರ್ತಾಳೆ, ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ, ನಾನು ಮಾಲೂರಿಂದ ರೈಲಿಗೆ. ಓಲೆ ಹಾಕ್ಕೊಂಡೇ ಬಾ ಅಂದಿದ್ದೀನಿ. ಬೇರೆ ಯಾರಾದ್ರೂ ಬರೋದಿದ್ರೆ ಮಂಗಳವಾರ ಸಂಜೆ ಒಳಗೆ ಹೇಳಿ, ಚಪಾತಿ ಜಾಸ್ತಿ ಕಟ್ಕೊಳ್ತೀನಿ.